ಹೂವಿಗಿಂತ ಮೊದಲು ಗೆಣ್ಣು: ಪಾಲಿಗೊನಮ್ ಪ್ಲೆಬಿಯಮ್ ಸಸ್ಯವನ್ನು ಗುರುತಿಸುವ ಕ್ರಮ

ಮಳೆಗಾಲ ಕಳೆದು ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ, ಕೊಯ್ಲು ಮುಗಿದ ಗದ್ದೆಗಳಲ್ಲಿ ಮತ್ತು ಹೊಳೆಯ ದಂಡೆಯ ಮರಳಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹರಡುವ ಸಣ್ಣ ಸಸ್ಯಗಳಲ್ಲಿ ಪಾಲಿಗೊನಮ್ ಪ್ಲೆಬಿಯಮ್ ಒಂದು. ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಒಂದೇ ಋತುವಿನಲ್ಲಿ ಬಾಳು ಮುಗಿಸುವ ಈ ಏಕವಾರ್ಷಿಕ ಸಸ್ಯವು, ಉತ್ತರ ಭಾರತದಲ್ಲಿ ಕುಟ್ಟು ಎನಿಸಿಕೊಳ್ಳುವ ಬಕ್‌ವೀಟ್ ಹಾಗೂ ಅಡುಗೆಗೆ ಬಳಸುವ ಚುಕ್ಕೆ ಸೊಪ್ಪು ಸೇರಿರುವ ಪಾಲಿಗೊನೇಸೀ ಕುಟುಂಬದ್ದು. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಆಸ್ಟ್ರೇಲಿಯದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದನು. ಆಫ್ರಿಕ ಮತ್ತು ಏಷ್ಯ ಖಂಡಗಳಲ್ಲಿಯೂ ಇದು ವ್ಯಾಪಕವಾಗಿದೆಯಾದರೂ, ಹೂವು ಎರಡು ಮೂರು ಮಿಲಿಮೀಟರಿನಷ್ಟೇ ಇರುವುದರಿಂದ ಹೂವನ್ನೇ ನಂಬಿ ಗುರುತಿಸಹೊರಟವರಿಗೆ ಸುಲಭವಾಗಿ ದಕ್ಕುವುದಿಲ್ಲ.

ಗುರುತಿಸುವ ಕೆಲಸವು ಕಾಂಡದ ಗೆಣ್ಣಿನಿಂದ ಆರಂಭವಾಗಬೇಕು. ಅನೇಕ ಸಸ್ಯಗಳಲ್ಲಿ ಎಲೆಯ ಬುಡದ ಎರಡೂ ಪಕ್ಕಗಳಲ್ಲಿ ಕಾವಿನೆಲೆಗಳೆಂಬ ಪುಟ್ಟ ಅಂಗಗಳಿರುತ್ತವೆ. ಈ ಕುಟುಂಬದ ಬಹುಪಾಲು ಸಸ್ಯಗಳಲ್ಲಿ ಅವು ಒಂದಾಗಿ ಬೆಸೆದು ಕಾಂಡವನ್ನು ಸುತ್ತುವರಿಯುವ ತೆಳು ಕೊಳವೆಯಾಗುತ್ತವೆ. ಓಕ್ರಿಯ ಎಂಬ ಹೆಸರಿನ ಈ ಕೊಳವೆಯು ಪ್ಲೆಬಿಯಮ್‌ನಲ್ಲಿ ಬೆಳ್ಳಗೆ, ಪಾರದರ್ಶಕವಾಗಿ, ಅಂಚು ಹರಿದಂತೆ ಕಾಣುತ್ತದೆ. ಉತ್ತರ ಅಮೆರಿಕದ ಎರಿಯೋಗೊನಮ್‌ನಂತಹ ಕೆಲವು ಜಾತಿಗಳಲ್ಲಿ ಓಕ್ರಿಯ ಇರುವುದಿಲ್ಲವಾದರೂ, ನಮ್ಮ ಕೆರೆಯಂಗಳಗಳಲ್ಲಿ ಅದು ನೆಚ್ಚಬಹುದಾದ ಗುರುತು. ಇದೇ ರೀತಿ ನೆಲದ ಮೇಲೆ ಹರಡುವ ಯೂಫೋರ್ಬಿಯ ಜಾತಿಯ ಸಣ್ಣ ಗಿಡಗಳಲ್ಲಿ ಎಲೆಗಳು ಎದುರುಬದುರಾಗಿದ್ದು, ಕಾಂಡ ಮುರಿದರೆ ಹಾಲು ಒಸರುತ್ತದೆ; ಪ್ಲೆಬಿಯಮ್‌ನಲ್ಲಿ ಎಲೆಗಳು ಒಂದಾದ ಮೇಲೊಂದರಂತೆ ಬೇರೆ ಬೇರೆ ಗೆಣ್ಣುಗಳಲ್ಲಿ ಹುಟ್ಟುತ್ತವೆ, ಹಾಲು ಇರುವುದಿಲ್ಲ.

ಕುಟುಂಬ ಖಚಿತವಾದ ಬಳಿಕ ಹೂವು ಎಲ್ಲಿ ಮೂಡುತ್ತದೆ ಎಂಬುದನ್ನು ನೋಡಬೇಕು. ನೀರಿನಂಚಿನಲ್ಲಿ ಬೆಳೆಯುವ ಪರ್ಸಿಕೇರಿಯ ಜಾತಿಯ ಸಸ್ಯಗಳಲ್ಲಿ ಹೂಗಳು ಸಾಮಾನ್ಯವಾಗಿ ರೆಂಬೆಯ ತುದಿಯ ತೆನೆಗಳಲ್ಲಿ ನೆರೆದಿದ್ದರೆ, ಪ್ಲೆಬಿಯಮ್‌ನಲ್ಲಿ ಅವು ಎಲೆಯ ಕಂಕುಳಲ್ಲಿ ಕೆಲವೇ ಸಂಖ್ಯೆಯ ಗುಂಪುಗಳಾಗಿ ಅಡಗಿರುತ್ತವೆ. ಹಿಂದಿನ ಸಸ್ಯಗ್ರಂಥಗಳು ಪರ್ಸಿಕೇರಿಯವನ್ನೂ ಪಾಲಿಗೊನಮ್ ಜಾತಿಯಲ್ಲಿಯೇ ಸೇರಿಸಿದ್ದುದರಿಂದ, ಹಳೆಯ ಪುಸ್ತಕದ ಹೆಸರುಗಳನ್ನು ಇಂದಿನ ಹೆಸರುಗಳೊಡನೆ ತಾಳೆ ನೋಡುವುದು ಅಗತ್ಯ.

ಕೊನೆಯದು ಪ್ರಭೇದದ ನಿರ್ಣಯ. ಹತ್ತಿರದ ಬಂಧುವಾದ ಪಾಲಿಗೊನಮ್ ಅವಿಕ್ಯುಲೇರ್‌ನ ಎಲೆಗಳು 4 ಸೆಂಟಿಮೀಟರಿನವರೆಗೂ ಬೆಳೆಯಬಲ್ಲವು; ಪ್ಲೆಬಿಯಮ್‌ನ ಎಲೆಗಳು ಸಾಮಾನ್ಯವಾಗಿ 0.5ರಿಂದ 1.5 ಸೆಂಟಿಮೀಟರ್ ಉದ್ದವಿದ್ದು, ಗೆಣ್ಣುಗಳ ನಡುವಿನ ಅಂತರ ಎಲೆಗಿಂತಲೂ ಕಡಿಮೆ ಇರುವುದರಿಂದ ರೆಂಬೆಗಳು ಒತ್ತೊತ್ತಾಗಿ ತೋರುತ್ತವೆ. ಪರಾಗವನ್ನು ಹೊರುವ ಕೇಸರಗಳು ಅವಿಕ್ಯುಲೇರ್‌ನಲ್ಲಿ ಸಾಮಾನ್ಯವಾಗಿ 8, ಪ್ಲೆಬಿಯಮ್‌ನಲ್ಲಿ 5. ಒಂದೇ ಬೀಜವುಳ್ಳ, ತಾನಾಗಿ ಬಿರಿಯದ ಒಣಕಾಯಿಗೆ ಅಕೀನ್ ಎನ್ನುತ್ತಾರೆ. ಅವಿಕ್ಯುಲೇರ್‌ನ ಅಕೀನ್ ಮಂಕಾಗಿದ್ದು ಸೂಕ್ಷ್ಮ ಗೆರೆಗಳನ್ನು ಹೊಂದಿದ್ದರೆ, ಪ್ಲೆಬಿಯಮ್‌ನದು 1.5ರಿಂದ 2 ಮಿಲಿಮೀಟರ್ ಉದ್ದದ, ಮೂರು ಅಂಚುಗಳ, ನುಣುಪಾಗಿ ಹೊಳೆಯುವ ಕಾಯಿ.

ಗುಲಾಬಿ ಅಥವಾ ಬಿಳಿ ಅಂಚುಳ್ಳ ಹಸಿರು ಎಸಳುಗಳು ಎರಡರಲ್ಲಿಯೂ ಕಾಣುವುದರಿಂದ ಬಣ್ಣವು ಇಲ್ಲಿ ನಿರ್ಣಾಯಕವಲ್ಲ. ಆದುದರಿಂದ ಗಿಡದ ಮೇಲಿನಿಂದ ತೆಗೆದ ಒಂದೇ ಚಿತ್ರ ಸಾಲದು. ಗೆಣ್ಣಿನ ಓಕ್ರಿಯ, ಬಿಡಿಸಿದ ಹೂವು ಮತ್ತು ಬಲಿತ ಕಾಯಿ, ಈ ಮೂರನ್ನೂ ಭೂತಗನ್ನಡಿಯಲ್ಲಿ ಪರಿಶೀಲಿಸಿದ ಮೇಲೆಯೇ ಹೆಸರನ್ನು ಬರೆದಿಡುವುದು ಸರಿಯಾದ ಕ್ರಮ.