ಚಳ್ಳಕೆರೆಯ ಕಾವಲು
ಕಾಲೇಜಿನ ಮೊದಲ ವರ್ಷದಲ್ಲಿ ಪರಿಸರಶಾಸ್ತ್ರವನ್ನೋದುವ ಮಕ್ಕಳು ನಿಸರ್ಗವೆಂದೊಡನೆ ಮಲೆನಾಡನ್ನೇ ನೆನೆಯುವರು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನೂ ಅವರು ನೋಡತಕ್ಕದ್ದು. ಮರವಿಲ್ಲವೆಂದ ಮಾತ್ರಕ್ಕೆ ಅದು ಬಂಜರಲ್ಲ. ಅಲ್ಪ ಮಳೆಗೇ ಚಿಗುರುವ ಹುಲ್ಲು ಸೂರ್ಯನ ತೇಜಸ್ಸನ್ನು ಅನ್ನವಾಗಿಸುವುದು. ದನವೂ ಕುರಿಯೂ ಕೃಷ್ಣಮೃಗವೂ ಅದನ್ನು ಮೇಯುವುವು. ತೋಳವು ಇವುಗಳನ್ನು ಹಿಡಿಯುವುದು. ಸಗಣಿ ಹಿಕ್ಕೆಗಳನ್ನು ಹುಳುಗಳು ಮಣ್ಣಿಗಿಳಿಸಿ ಮರಳಿ ಹುಲ್ಲಿಗೇ ಉಣಿಸುವುವು. ಕಂಬಳಿ ನೇಯುವ ಸಂಸಾರಗಳೂ ಈ ಸರಪಳಿಯ ಕೊಂಡಿಗಳೇ. ಪಠ್ಯದ ಚಿತ್ರದಲ್ಲಿ ಅವರನ್ನು ಬರೆಯದಿರುವುದು ನನಗೆ ಸರಿಕಾಣದು. ೨೦೦೯ರಲ್ಲಿ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ ೧೫೦೦ ಎಕರೆ ದೊರೆಯಿತು. ಅನ್ಯ ಸಂಸ್ಥೆಗಳಿಗೂ ಭೂಮಿ ಹಂಚಿಹೋಗಿ ಗೋಡೆಗಳೆದ್ದುವು, ಕುರಿಗಳ ದಾರಿ ಕಟ್ಟಿತು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಉಳಿದ ಕಾವಲಿನಲ್ಲಿ, ಮುಂಗಾರು ಹಿಡಿದೊಡನೆ, ಒಂದು ಚದರ ಮೀಟರಿಗೆ ದಾರ ಕಟ್ಟಿ ಒಳಗಿನ ಹುಲ್ಲಿನ ಜಾತಿಗಳನ್ನೆಣಿಸಿರಿ.