ಮಕ್ಕಳನ್ನು ಮೌನಕ್ಕೆ ಕೂರಿಸುವವರು

1682ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜೈಲು ಕ್ವೇಕರರು ಎಂಬ ಕ್ರೈಸ್ತ ಪಂಥದವರಿಂದ ತುಂಬಿಹೋಗಿತ್ತು. ಸರ್ಕಾರ ಒಪ್ಪಿದ ಚರ್ಚನ್ನು ಬಿಟ್ಟು ತಮ್ಮದೇ ಸಭೆ ಸೇರುತ್ತಾರೆ ಎಂಬುದೇ ಅವರ ಅಪರಾಧ. ದೊಡ್ಡವರೆಲ್ಲ ಒಳಗೆ ಹೋದ ಮೇಲೆ ಪಂಥದ ಕಥೆ ಮುಗಿಯಿತೆಂದು ಅಧಿಕಾರಿಗಳು ಎಣಿಸಿದ್ದರು. ಆದರೆ ವಾರದ ಸಭೆಯ ದಿನ ಬಂದಾಗ ಮಕ್ಕಳು ತಾವೇ ಬಂದು ಸಾಲಾಗಿ ಕೂತರು. ಅಪ್ಪ ಅಮ್ಮಂದಿರು ಕೂರುತ್ತಿದ್ದಂತೆಯೇ ಬಾಯಿ ಮುಚ್ಚಿ, ಕಾಯುತ್ತಾ ಕೂತರು. ಸಭೆಗಳನ್ನು ನಿಷೇಧಿಸಿದ್ದ ಕಾಯ್ದೆ 16 ವರ್ಷ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. ಅಧಿಕಾರಿಗಳ ಸಿಟ್ಟಿಗೆ ಆ ವಯೋಮಿತಿ ಇರಲಿಲ್ಲ. ಮಕ್ಕಳಿಗೆ ಏಟು ಬಿತ್ತು, ಬೆದರಿಕೆ ಬಿತ್ತು, ಕೆಲವು ಹುಡುಗರ ಕಾಲನ್ನು ಮರದ ದಿಮ್ಮಿಯ ಕಂಡಿಗೆ ಸಿಕ್ಕಿಸಿ ಬೀದಿಯಲ್ಲಿ ಕೂರಿಸಿದ್ದೂ ಆಯಿತು. ಸಭೆ ಮಾತ್ರ ನಿಲ್ಲಲಿಲ್ಲ.

ಮಕ್ಕಳಿಗೆ ಇದು ಸಾಧ್ಯವಾದದ್ದು ಧೈರ್ಯವೊಂದರಿಂದಲೇ ಅಲ್ಲ. ಆ ಸಭೆಗೆ ಪಾದ್ರಿ ಬೇಕಿರಲಿಲ್ಲ, ಪೀಠ ಬೇಕಿರಲಿಲ್ಲ, ಮಂತ್ರ ಬೇಕಿರಲಿಲ್ಲ. 1650ರ ದಶಕದಲ್ಲಿ ಜಾರ್ಜ್ ಫಾಕ್ಸ್ ಕಟ್ಟಿದ ಈ ಪಂಥದ ಮೂಲ ನಂಬಿಕೆ ಇಷ್ಟೇ: ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ನಡುವೆ ದಲ್ಲಾಳಿ ಬೇಡ. ಹೀಗೆ ನಂಬಿದವರು ಮಕ್ಕಳನ್ನು ನೋಡುವ ರೀತಿಯೂ ಬೇರೆಯಾಗಲೇಬೇಕಿತ್ತು. ಮಗು ಆದಮನ ಪಾಪವನ್ನು ಹೊತ್ತೇ ಹುಟ್ಟುತ್ತದೆ, ನೀರಿನ ದೀಕ್ಷೆಯಿಂದ ತೊಳೆಯಬೇಕು ಎಂದು ಸುತ್ತಲಿನ ಕ್ರೈಸ್ತ ಲೋಕ ಹೇಳುತ್ತಿದ್ದ ಕಾಲ ಅದು. ಪಂಥದ ಮೊದಲ ದೊಡ್ಡ ಚಿಂತಕ ರಾಬರ್ಟ್ ಬಾರ್ಕ್ಲೇ, ತಾನಾಗಿ ತಪ್ಪು ಮಾಡುವವರೆಗೆ ಕೂಸಿನ ಲೆಕ್ಕಕ್ಕೆ ಯಾವ ಪಾಪವೂ ಇಲ್ಲವೆಂದು 1676ರಲ್ಲೇ ವಾದಿಸಿದ. ಇಂದಿಗೂ ಮೌನಸಭೆಯ ಕ್ವೇಕರರಲ್ಲಿ ದೀಕ್ಷಾಸ್ನಾನವಿಲ್ಲ.

ಮೌನಸಭೆಯ ಕ್ವೇಕರರು ಎಂದು ಬೇರೆಯಾಗಿ ಹೇಳಲು ಕಾರಣವಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರರಿರುವುದು ಕೆನ್ಯಾದಲ್ಲಿ. ಅಲ್ಲಿ ಪಾದ್ರಿಗಳಿದ್ದಾರೆ, ಹಾಡಿದೆ, ಪ್ರವಚನವಿದೆ. ಈ ಬರಹ ಬ್ರಿಟನ್ನಿನ ಮತ್ತು ಅಮೆರಿಕದ ಒಂದು ಭಾಗದ ಹಳೆಯ ರೂಢಿಯ ಬಗ್ಗೆ.

ಅಲ್ಲಿನ ಭಾನುವಾರದ ಸಭೆ ಸುಮಾರು ಒಂದು ಗಂಟೆಯದು. ಬೆಂಚುಗಳೋ ಕುರ್ಚಿಗಳೋ ಒಂದಕ್ಕೊಂದು ಮುಖ ಮಾಡಿರುತ್ತವೆ, ನಡುವಿನ ಮೇಜಿನ ಮೇಲೆ ಒಂದಿಷ್ಟು ಹೂವು, ಒಂದೆರಡು ಪುಸ್ತಕ. ಯಾರಿಗಾದರೂ ಒಳಗಿನಿಂದ ಮಾತು ಒತ್ತಿಬಂದರೆ ಎದ್ದು ಹೇಳಿ ಕೂರುತ್ತಾರೆ. ಯಾರೂ ಉತ್ತರಿಸುವುದಿಲ್ಲ, ಚರ್ಚೆಗೆ ಇಳಿಯುವುದಿಲ್ಲ. ಮಕ್ಕಳು ಸಾಮಾನ್ಯವಾಗಿ ಶುರುವಿನ ಅಥವಾ ಕೊನೆಯ ಹತ್ತು ಹದಿನೈದು ನಿಮಿಷ ದೊಡ್ಡವರ ಜೊತೆ ಕೂರುತ್ತಾರೆ. ಉಳಿದ ಹೊತ್ತು ಪಕ್ಕದ ಕೋಣೆಯಲ್ಲಿ ಕಥೆ, ಚಿತ್ರ, ಅಂಟು, ಕತ್ತರಿ. ಮೂರು ವರ್ಷದ ಪೋರನಿಗೆ ಹತ್ತು ನಿಮಿಷದ ಮೌನವೆಂದರೆ ಏನೆಂದು ಮಕ್ಕಳನ್ನು ಸಾಕಿದವರಿಗೆ ಹೇಳಬೇಕಿಲ್ಲ. ಬೆಂಚಿಗೆ ಬೂಟು ಬಡಿಯುತ್ತದೆ, "ಇನ್ನೂ ಮುಗೀಲಿಲ್ವಾ ಅಮ್ಮ?" ಎಂಬ ಪಿಸುಮಾತು ಇಡೀ ಕೋಣೆಗೆ ಕೇಳಿಸುತ್ತದೆ. ಇವನ್ನು ಸದ್ದೆಂದು ಕಾಣಬೇಡಿ, ಮಗುವೂ ಸಭೆಗೆ ತನ್ನ ಪಾಲು ತಂದಿದೆ ಎಂದುಕೊಳ್ಳಿ ಎಂದು ಹಿರಿಯರು ಹೊಸಬರಿಗೆ ತಿಳಿಹೇಳುತ್ತಾರೆ. ಎಲ್ಲರಿಗೂ ಇದನ್ನು ಪಾಲಿಸಲು ಆಗುತ್ತದೆ ಎಂದಲ್ಲ. ತಿರುಗಿ ನೋಡಿ ಹುಬ್ಬು ಗಂಟಿಕ್ಕುವವರು ಯಾವ ಧರ್ಮದಲ್ಲಿ ಇಲ್ಲ? ಕೊನೆಗೆ ಇಬ್ಬರು ಹಿರಿಯರು ಕೈಕುಲುಕುತ್ತಾರೆ, ಸಭೆ ಮುಗಿಯುತ್ತದೆ, ಚಹಾ ಬಿಸ್ಕತ್ತಿನ ಮೇಜಿಗೆ ಮೊದಲು ಓಡುವವರು ಯಾರೆಂದು ಹೇಳಬೇಕಿಲ್ಲ.

ಈ ಮೌನ ಮನೆಯೊಳಕ್ಕೂ ಬರುತ್ತದೆ. ಅಮೆರಿಕದ ಮೇನ್ ರಾಜ್ಯದ ಸೌತ್ ಚೈನಾ ಎಂಬ ಹಳ್ಳಿಯಲ್ಲಿ 1863ರಲ್ಲಿ ಹುಟ್ಟಿದ ರೂಫಸ್ ಜೋನ್ಸ್ ತಮ್ಮ ಬಾಲ್ಯವನ್ನು ಬರೆದಿಟ್ಟಿದ್ದಾರೆ. ಬೆಳಗಿನ ತಿಂಡಿಯಾದ ಮೇಲೆ ಬೈಬಲಿನ ಒಂದು ಭಾಗದ ಓದು, ಆಮೇಲೆ ಮನೆಮಂದಿಯೆಲ್ಲ ಸುಮ್ಮನೆ ಕೂರುವುದು. ಹೊಲದ ಕೆಲಸ ಎಷ್ಟೇ ಬಾಕಿಯಿದ್ದರೂ ಅದು ತಪ್ಪುತ್ತಿರಲಿಲ್ಲ. ಒಂದು ದಿನ ಟರ್ನಿಪ್ ಗೆಡ್ಡೆಯ ಪಾತಿಯಲ್ಲಿ ಕಳೆ ಕೀಳೆಂದು ಒಪ್ಪಿಸಿದ್ದ ಕೆಲಸ ಬಿಟ್ಟು ಹುಡುಗ ಗೆಳೆಯರೊಂದಿಗೆ ಮೀನು ಹಿಡಿಯಲು ಹೋದ. ಮರಳಿದಾಗ ಏಟು ಖಂಡಿತ ಎಂದುಕೊಂಡಿದ್ದ. ತಾಯಿ ಅವನನ್ನು ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಮಂಡಿಯೂರಿ, ಮೈಮೇಲೆ ಕೈಯಿಟ್ಟು, ಇವನು ಎಂಥವನಾಗಬೇಕೆಂಬ ತನ್ನ ಆಸೆಯನ್ನೆಲ್ಲ ದೇವರ ಮುಂದೆ ಹೇಳಿಕೊಂಡಳು. ಆಮೇಲೆ ಅವನನ್ನು ಒಂಟಿಯಾಗಿ ಬಿಟ್ಟು ಹೋದಳು. ನನ್ನನ್ನು ಕೇಳಿದರೆ ಎರಡು ಏಟೇ ಹಗುರ. ಹುಡುಗ ಮುಂದೆ 1917ರಲ್ಲಿ ಕ್ವೇಕರರ ಸೇವಾಸಂಸ್ಥೆಯಾದ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ ಕಟ್ಟಿದವರಲ್ಲಿ ಒಬ್ಬನಾದ. ಆ ಸಂಸ್ಥೆಗೂ ಬ್ರಿಟನ್ನಿನ ಸೋದರಸಂಸ್ಥೆಗೂ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಸತ್ಯದ ವಿಷಯದಲ್ಲಿ ಇವರ ಹಟ ಹಳೆಯದು. ಆಣೆ ಮಾಡುವುದಿಲ್ಲ, ಆಣೆ ಮಾಡಿದರೆ ಉಳಿದ ಹೊತ್ತು ಸುಳ್ಳಾಡಬಹುದು ಎಂದು ಒಪ್ಪಿಕೊಂಡಂತೆ. ಅಂಗಡಿಯಲ್ಲಿ ಚೌಕಾಸಿಗೆ ಜಾಗ ಕೊಡದೆ ಒಂದೇ ಬೆಲೆ ಹೇಳುತ್ತಿದ್ದರು. ಹಾಗಾಗಿ ಕ್ವೇಕರರ ಅಂಗಡಿಗೆ ಮಗುವನ್ನು ಕಳಿಸಿದರೂ ಮೋಸವಿಲ್ಲ ಎಂಬ ಹೆಸರು ಬಂತೆಂದು ಫಾಕ್ಸ್ ತನ್ನ ದಿನಚರಿಯಲ್ಲೇ ದಾಖಲಿಸಿದ್ದಾನೆ. ಈಗಿನ ತಂದೆತಾಯಿಗಳಿಗೆ ಈ ಹಟ ಡಿಸೆಂಬರಿನಲ್ಲಿ ಕಾಡುತ್ತದೆ: ಸಾಂತಾಕ್ಲಾಸ್ ನಿಜವೆಂದು ಮಗುವಿಗೆ ಹೇಳಬಹುದೇ? ಆಟದ ಬಂದೂಕು ಕೊಡಿಸಬಹುದೇ ಎಂಬುದು ವರ್ಷವಿಡೀ ಇರುವ ಇನ್ನೊಂದು ತಲೆನೋವು. ಮನೆಯಿಂದ ಬಂದೂಕನ್ನು ಹೊರಗಿಟ್ಟರೆ ಹುಡುಗರು ಕಡ್ಡಿಯನ್ನೇ ಹಿಡಿದು "ಢಂ" ಎನ್ನುತ್ತಾರೆ.

ಇಂಥ ಪ್ರಶ್ನೆಗಳಿಗೆ ಸಿದ್ಧ ಉತ್ತರದ ಧರ್ಮಗ್ರಂಥ ಅವರಲ್ಲಿಲ್ಲ. ಬ್ರಿಟನ್ನಿನ ಕ್ವೇಕರರ ಬಳಿ 42 ಅಂಶಗಳ ಸಣ್ಣ ಪುಸ್ತಿಕೆಯೊಂದಿದೆ. ಅದರಲ್ಲಿ ಅಪ್ಪಣೆಗಳ ಬದಲು ಸಲಹೆಗಳೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೆ. ಸಭೆಯ ವ್ಯವಹಾರದಲ್ಲಿ ಮತದಾನವಿಲ್ಲ. ಎಲ್ಲರ ಮಾತು ಕೇಳಿ, ಸಭೆಯ ಒಲವು ಎತ್ತ ಇದೆಯೆಂದು ನಿರ್ವಾಹಕರು ಅಲ್ಲೇ ಬರೆದು ಓದುತ್ತಾರೆ. ಒಪ್ಪಿಗೆಯಾಗದಿದ್ದರೆ ವಿಷಯ ಮುಂದಕ್ಕೆ. ಕೆಲವು ಮನೆಗಳು ಇದನ್ನೇ ಊಟದ ಮೇಜಿಗೆ ತರುತ್ತವೆ. ರಜೆಗೆ ಎಲ್ಲಿಗೆ ಹೋಗುವುದೆಂದು ಆರು ವರ್ಷದ ಮಗಳೂ ಹೇಳಬಹುದು, ಅವಳ "ಬೇಡ"ಕ್ಕೂ ತೂಕವಿದೆ. ನಿರ್ಧಾರಕ್ಕೆ ಹಿಡಿಯುವ ಸಮಯ ದೇವರಿಗೇ ಗೊತ್ತು. ಐದು ಮಕ್ಕಳ ತಾಯಿಯೂ ಸಮಾಜಶಾಸ್ತ್ರಜ್ಞೆಯೂ ಆಗಿದ್ದ ಎಲಿಸ್ ಬೌಲ್ಡಿಂಗ್ 1962ರ ಕಿರುಹೊತ್ತಿಗೆಯಲ್ಲಿ ಇನ್ನೊಂದು ಮಾತು ಸೇರಿಸಿದರು: ಮಕ್ಕಳಿಗೆ ಏಕಾಂತವೂ ಬೇಕು, ಯಾರೂ ಕೆಣಕದ ಹೊತ್ತು ಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕಥೆ. ಒಳಬೆಳಕನ್ನು ನಂಬಿದವರೇ ಮಕ್ಕಳ ಸುತ್ತ ಎತ್ತರದ ಬೇಲಿ ಕಟ್ಟಿದ್ದೂ ಇದೆ. 1737ರಲ್ಲಿ ಸದಸ್ಯರ ಮಕ್ಕಳು ಹುಟ್ಟಿನಿಂದಲೇ ಸದಸ್ಯರೆಂಬ ನಿಯಮ ಬಂತು. ಅದರ ಜೊತೆಗೆ ಉಡುಪು, ಮಾತು, ಮದುವೆಯ ಕಟ್ಟುಪಾಡುಗಳು ಬಿಗಿಯಾದವು. 1779ರಲ್ಲಿ ಯಾರ್ಕ್‌ಷೈರಿನ ಆಕ್‌ವರ್ತ್‌ನಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಶಾಲೆ ತೆರೆದದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಸಂಗೀತ ಇಲ್ಲ, ಕಾದಂಬರಿ ಇಲ್ಲ. ಹೊರಗಿನ ಗಾಳಿ ತಾಕಬಾರದೆಂಬುದೇ ಉದ್ದೇಶ. ಪಂಥದ ಆಚೆಗೆ ಮದುವೆಯಾದರೆ ಹೊರಹಾಕುತ್ತಿದ್ದರು. ಇದರ ಪೆಟ್ಟು ತಿಂದವರಲ್ಲಿ ಎಲಿಜಬೆತ್ ಫ್ರೈ ಒಬ್ಬರು. ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರ ದುಃಸ್ಥಿತಿ ಬದಲಿಸಿದ, ಅಲ್ಲಿನ ಮಕ್ಕಳಿಗೆ ಶಾಲೆ ತೆರೆಸಿದ ಈ ತಾಯಿಗೆ ಹನ್ನೊಂದು ಮಕ್ಕಳು. ಬೆಳೆದ ಹೆಚ್ಚಿನ ಮಕ್ಕಳು ಪಂಥವನ್ನು ಬಿಟ್ಟರು, ಹೊರಗಿನವರನ್ನು ಮದುವೆಯಾದರು. ಊರಿನ ಮಕ್ಕಳನ್ನು ಉದ್ಧರಿಸಲು ಹೋಗಿ ಮನೆಯ ಮಕ್ಕಳನ್ನು ಮರೆತರೆಂದು ಅವರನ್ನು ಆಡಿಕೊಂಡವರಿದ್ದರು. ಈ ಮಾತು ಅನ್ಯಾಯದ್ದು; ಅದೇ ಕೆಲಸ ಮಾಡಿದ ಗಂಡಸಿನ ಮನೆಯ ಲೆಕ್ಕ ಯಾರೂ ಕೇಳುತ್ತಿರಲಿಲ್ಲ.

ಮದುವೆಯ ನಿಯಮ 1860ರ ಹೊತ್ತಿಗೆ ಸಡಿಲವಾಯಿತು.

ಭಾರತದ ಮಕ್ಕಳಿಗೂ ಈ ಪಂಥದ ನೆರಳು ಬೇರೊಂದು ಬಗೆಯಲ್ಲಿ ತಾಕಿದೆ. 1928ರಲ್ಲಿ ಮದರಾಸಿಗೆ ಶಿಕ್ಷಕಿಯಾಗಿ ಬಂದ ಮಾರ್ಜರಿ ಸೈಕ್ಸ್ ಇಲ್ಲಿ ಕ್ವೇಕರ್ ಆದರು, ಶಾಂತಿನಿಕೇತನದಲ್ಲೂ ಆಮೇಲೆ ಕೈಕೆಲಸದ ಮೂಲಕ ಕಲಿಸುವ ಸೇವಾಗ್ರಾಮದ ನಯೀ ತಾಲೀಮ್ ಶಾಲೆಯಲ್ಲೂ ದುಡಿದರು. ಮಧ್ಯಪ್ರದೇಶದ ಹೋಶಂಗಾಬಾದ್ ಬಳಿ ರಸೂಲಿಯಾದಲ್ಲಿದ್ದ ಕ್ವೇಕರರ ಗ್ರಾಮಕೇಂದ್ರವು ಕಿಶೋರ್ ಭಾರತಿ ಸಂಸ್ಥೆಯೊಡನೆ 1972ರಲ್ಲಿ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಕಲಿಕೆಯ ಪ್ರಯೋಗ ಆರಂಭಿಸಿತು. ಮಕ್ಕಳು ತಾವೇ ಹೂವು ಬಿಡಿಸಿ, ಅಳೆದು, ಎಣಿಸಿ ಉತ್ತರ ಕಂಡುಕೊಳ್ಳಬೇಕು; ಪುಸ್ತಕದಲ್ಲಿ ಸಿದ್ಧ ಉತ್ತರ ಇರುತ್ತಿರಲಿಲ್ಲ. ಧರ್ಮದ ಪಾಠ ಅದರಲ್ಲಿ ಇರಲಿಲ್ಲ, ಆದರೆ ಹೇಳಿಕೊಟ್ಟದ್ದಕ್ಕಿಂತ ತಾನು ಕಂಡದ್ದೇ ಗಟ್ಟಿ ಎಂಬ ಆ ಧೋರಣೆ ಕ್ವೇಕರರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ನೂರಾರು ಶಾಲೆಗಳಿಗೆ ಹಬ್ಬಿದ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು.

ಹುಟ್ಟಿನಿಂದ ಬರುವ ಸದಸ್ಯತ್ವವನ್ನು ಬ್ರಿಟನ್ನಿನ ಕ್ವೇಕರರು 1959ರಲ್ಲಿ ಕೈಬಿಟ್ಟರು. ಅಲ್ಲಿಂದೀಚೆಗೆ ಸಭೆಯ ಬೆಂಚಿನ ಮೇಲೇ ಬೆಳೆದ ಮಕ್ಕಳೂ, ಬೇಕೆನಿಸಿದರೆ, ಸಾಮಾನ್ಯವಾಗಿ ತಾವೇ ಪತ್ರ ಬರೆದು ಕೇಳಬೇಕು. ಆಗ ಇಬ್ಬರು ಹೋಗಿ ಅವರೊಡನೆ ಕೂತು ಮಾತಾಡಿ ಸಭೆಗೆ ವರದಿ ಕೊಡುತ್ತಾರೆ. ಪರೀಕ್ಷೆಯಿಲ್ಲ, ಬಾಯಿಪಾಠದ ಪ್ರತಿಜ್ಞೆಯಿಲ್ಲ. ಬಹಳ ಮಂದಿ ಪತ್ರ ಬರೆಯುವುದೇ ಇಲ್ಲ. ಕೆಲವರು ಬೇರೆ ಚರ್ಚಿಗೆ ಹೋಗುತ್ತಾರೆ, ಕೆಲವರು ಯಾವುದಕ್ಕೂ ಹೋಗುವುದಿಲ್ಲ, ಇನ್ನು ಕೆಲವರು ನಲವತ್ತು ದಾಟಿದ ಮೇಲೆ, ತಮ್ಮದೇ ಮಗುವನ್ನು ಎತ್ತಿಕೊಂಡು ಬಂದು ಕೂರುತ್ತಾರೆ.