ಖಾನಾಪುರ, ಬೆಳಗಾವಿ ಮತ್ತು ಏಕೀಕರಣ ಸಮಿತಿಯ ಒಡಕು

ಗಡಿಯ ಪ್ರಶ್ನೆಯನ್ನು ಕುರಿತ ಚರ್ಚೆಗಳಲ್ಲಿ ಎರಡು ರಾಜ್ಯಗಳ ವಾದಪ್ರತಿವಾದಗಳೇ ಪ್ರಧಾನವಾಗಿರುತ್ತವೆ. ಆ ಪ್ರಶ್ನೆಯ ಮೇಲೆಯೇ ನಿಂತ ಪಕ್ಷವೊಂದರ ಒಳಗೆ ಅದು ಏನು ಮಾಡಿತೆಂಬುದೂ ವಿಚಾರಾರ್ಹವಾದುದು. ಮಹಾರಾಷ್ಟ್ರ ಏಕೀಕರಣ ಸಮಿತಿಯು 2018ರ ವಿಧಾನಸಭಾ ಚುನಾವಣೆಯಲ್ಲಿ ಖಾನಾಪುರದಲ್ಲಿ ಇಬ್ಬಗೆಯಾದುದನ್ನು ಈ ದೃಷ್ಟಿಯಿಂದ ಪರಿಶೀಲಿಸಲು ನಾವು ಇಲ್ಲಿ ಯತ್ನಿಸಿದ್ದೇವೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲ್ಲೂಕನ್ನುಳಿದು ಬೆಳಗಾವಿ ಜಿಲ್ಲೆಯೆಲ್ಲವೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಇದನ್ನು ಒಪ್ಪದ ಸಮಿತಿಗೆ ಬೆಳಗಾವಿ ನಗರವೂ ಖಾನಾಪುರವೂ ಒಂದೇ ಬೇಡಿಕೆಯ ಎರಡು ಅಂಗಗಳಾಗಿದ್ದವು. ಆದರೆ ಸೇನಾಪತಿ ಬಾಪಟರ ಉಪವಾಸದ ತರುವಾಯ 1966ರಲ್ಲಿ ಕೇಂದ್ರ ಸರ್ಕಾರವು ನೇಮಿಸಿದ ಮಹಾಜನ್ ಆಯೋಗವು ಇವೆರಡನ್ನೂ ಬೇರೆ ಬೇರೆಯಾಗಿ ತೂಗಿತು. 1967ರ ಅದರ ವರದಿಯಂತೆ ಬೆಳಗಾವಿ ನಗರವು ಮೈಸೂರಿನಲ್ಲಿಯೇ ಉಳಿಯತಕ್ಕದ್ದು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗತಕ್ಕವು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕಡೆಯ 247 ಊರುಗಳು ಇತ್ತ ಬರತಕ್ಕವು. ಮೈಸೂರು ಸರ್ಕಾರವು ವರದಿಯನ್ನು ಒಪ್ಪಿತು, ಮಹಾರಾಷ್ಟ್ರವು ಒಪ್ಪಲಿಲ್ಲ. (1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವು ಆ ಪಟ್ಟಿಯಲ್ಲಿದೆಯೆಂಬುದನ್ನು, ವರದಿಯು ಪೂರ್ಣವಾಗಿ ಜಾರಿಗೆ ಬರಲೆನ್ನುವ ನಮ್ಮವರು ಎಷ್ಟು ಮಂದಿ ನೆನೆದಿರುವರೋ ಕಾಣೆವು.)

ಖಾನಾಪುರದಲ್ಲಿ ಮಹಾರಾಷ್ಟ್ರಕ್ಕೆ ಸೇರಬಯಸಿದ ಮತದಾರನ ಸ್ಥಿತಿಯನ್ನು ಇಲ್ಲಿ ಗಮನಿಸಬೇಕು. ಅವನು ಬೇಡಿದುದು ಅವನ ಊರಿನ ಮಟ್ಟಿಗೆ ವರದಿಯಲ್ಲಿಯೇ ದೊರೆತಿತ್ತು. ದೊರೆಯದೆ ಹೋದುದು ನಗರಕ್ಕೆ. ವರದಿಯನ್ನು ಒಪ್ಪಿದರೆ ನಗರದ ಬೇಡಿಕೆ ಮುಗಿಯುತ್ತಿತ್ತು. ತಳ್ಳಿಹಾಕಿದರೆ ಖಾನಾಪುರವು ನಗರದೊಡನೆ ಕಾಯಬೇಕಾಗಿತ್ತು. ಸಮಿತಿಯು ತಳ್ಳಿಹಾಕಿತು. ತಾಲ್ಲೂಕಿನ ಹಿತವೂ ನಗರದ ಹಿತವೂ ಒಂದೆಯೇ ಎಂಬ ಪ್ರಶ್ನೆಯು ಅಲ್ಲಿಗೆ ಮುಚ್ಚಿಹೋಯಿತು.

2008ರಲ್ಲಿ ಒಂದು ಸ್ಥಾನವನ್ನೂ ಪಡೆಯದ ಸಮಿತಿಯು 2013ರಲ್ಲಿ ಖಾನಾಪುರವನ್ನೂ ಬೆಳಗಾವಿ ದಕ್ಷಿಣವನ್ನೂ ಗೆದ್ದು ಚೇತರಿಸಿಕೊಂಡಿತು. 2018ರ ಹೊತ್ತಿಗೆ ನಗರದ ಮುಖಂಡರಲ್ಲಿ ಎರಡು ಬಣಗಳಾಗಿದ್ದವು. ಖಾನಾಪುರದಲ್ಲಿ ಸಮಿತಿಯ ಹೆಸರು ಹೇಳಿ ಇಬ್ಬರು ಸ್ಪರ್ಧಿಸಿದರು. ಅವರಿಬ್ಬರ ಮತಗಳನ್ನು ಕೂಡಿಸಿದರೆ 44 ಸಾವಿರವನ್ನು ದಾಟುತ್ತದೆ. ಗೆದ್ದ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್ ಅವರಿಗೆ ಬಂದವು 37 ಸಾವಿರಕ್ಕೂ ಕಡಮೆ. ಸಮಿತಿಗೆ ಆ ಸಲ ರಾಜ್ಯದಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ.

ಈ ಒಡಕನ್ನು ಬರಿಯ ಮುಂದಾಳುತನದ ಪೈಪೋಟಿ ಎಂದು ಹೇಳಿ ಕೈಬಿಡುವುದು ಸುಲಭ. ಪೈಪೋಟಿ ಇದ್ದುದು ನಿಜವೇ. ಆದರೆ ಅದೊಂದೇ ಏಕೆ ಉಳಿಯಿತು? ಬ್ರಿಟನ್ನಿನ ಲೇಬರ್ ಪಕ್ಷದ ನಿದರ್ಶನವು ಇಲ್ಲಿ ನೆರವಾಗಬಹುದು. ಯುರೋಪಿನ ಆರ್ಥಿಕ ಸಮುದಾಯದಲ್ಲಿ ಉಳಿಯಬೇಕೆ ಬೇಡವೆ ಎಂಬುದರಲ್ಲಿ ಆ ಪಕ್ಷವು 1975ರಲ್ಲಿ ಸೀಳಿಹೋಗಿತ್ತು. ಪ್ರಧಾನಿ ವಿಲ್ಸನ್ನರು ಮಂತ್ರಿಗಳಿಗೆ ಬಹಿರಂಗವಾಗಿ ಭಿನ್ನಮತ ಸಾರಲು ಅವಕಾಶವಿತ್ತರು. ಏಪ್ರಿಲ್ ತಿಂಗಳ ವಿಶೇಷ ಅಧಿವೇಶನದಲ್ಲಿ ಪಕ್ಷವು ಹೊರಬರಬೇಕೆಂದಿತು. ಜೂನ್ ತಿಂಗಳ ಜನಮತಗಣನೆಯಲ್ಲಿ ಮತವಿತ್ತವರ ಪೈಕಿ ಮೂರರಲ್ಲಿ ಎರಡು ಪಾಲು ಉಳಿಯಬೇಕೆಂದಿತು. ಜಗಳವು ಕಹಿಯಾಗಿತ್ತು, ಆದರೆ ಅದು ಪ್ರಶ್ನೆಯನ್ನೇ ಕುರಿತುದಾಗಿತ್ತು. ನಮ್ಮ ಸಮಿತಿಯಲ್ಲಾದರೋ ಎರಡು ಬಣಗಳೂ ಒಂದೇ ಗುರಿಯನ್ನು ಒಂದೇ ಮಾತಿನಲ್ಲಿ ಸಾರಿದವು. ಭಿನ್ನವಾಗಲು ವ್ಯಕ್ತಿಗಳಲ್ಲದೆ ಬೇರೇನೂ ಉಳಿದಿರಲಿಲ್ಲ. ನಗರವನ್ನು ಬಿಟ್ಟು ಖಾನಾಪುರವು ಯೋಚಿಸಬಹುದೇ ಎಂಬ ನಿಜವಾದ ಪ್ರಶ್ನೆಯನ್ನು ಯಾವ ಬಣವೂ ಮತದಾರನ ಮುಂದಿಡಲಿಲ್ಲವೆಂಬುದು ನಮ್ಮ ಅಭಿಪ್ರಾಯ.

2021ರಲ್ಲಿ ಬೆಳಗಾವಿ ಮಹಾನಗರಪಾಲಿಕೆಯ 58 ಸ್ಥಾನಗಳಲ್ಲಿ 35 ಭಾರತೀಯ ಜನತಾ ಪಕ್ಷಕ್ಕೆ ಸಂದವು. 2023ರಲ್ಲಿ ಖಾನಾಪುರವನ್ನೂ ಅದೇ ಪಕ್ಷವು ಗೆದ್ದಿತು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯಲ್ಲಿ ನಗರವೂ ತಾಲ್ಲೂಕೂ ಇನ್ನೂ ಒಟ್ಟಿಗೇ ಇವೆ.